ಹೆಗಲ ಮೇಲಿನ ತಕ್ಕಡಿ

ಹಿಂದೆ ನಮ್ಮ ಊರುಗಳಲ್ಲಿ ಅಡ್ಡೆ ಹೊತ್ತು ನೀರು ತರುವವರಿದ್ದರು. ಇಂದಿನ ಮಕ್ಕಳಿಗೆ ಅಡ್ಡೆ ಎಂದರೇನೆಂದು ವಿವರಿಸಬೇಕಾದೀತು: ಉದ್ದನೆಯ ಬಿದಿರು, ಅದರ ಎರಡು ತುದಿಗಳಿಗೆ ಹಗ್ಗ, ಹಗ್ಗಕ್ಕೆ ಒಂದೊಂದು ಕೊಡ, ನಡುವೆ ಮನುಷ್ಯನ ಹೆಗಲು. ಒಂದೇ ಕೊಡವನ್ನು ಒಂದೇ ಕೈಯಲ್ಲಿ ಹಿಡಿದು ಹೊರಟವನ ಮೈ ಆ ಕಡೆಗೆ ವಾಲುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಅವನು ಕೈ ಬದಲಿಸಬೇಕಾಗುತ್ತದೆ. ಅದೇ ಮನುಷ್ಯ ಅಡ್ಡೆಗೆ ಎರಡು ಕೊಡ ಕಟ್ಟಿಕೊಂಡರೆ ಲಯವಾಗಿ, ಹೆಚ್ಚುಕಡಿಮೆ ಓಡುತ್ತಲೇ, ಕೆರೆಯಿಂದ ಮನೆಗೆ ಬಂದುಬಿಡುತ್ತಾನೆ. ತೂಕ ಎರಡರಷ್ಟಾಯಿತು, ಕಷ್ಟ ಮಾತ್ರ ಕಡಿಮೆಯಾಯಿತು. ಲೆಕ್ಕದ ಮೇಷ್ಟರು ಇದನ್ನು ಒಪ್ಪುವರೋ ಇಲ್ಲವೋ, ಹೆಗಲಂತೂ ಒಪ್ಪುತ್ತದೆ.

ಈ ಪೀಠಿಕೆಗೆ ಕಾರಣವಿದೆ. ನಾನೂ ಹೆಗಲ ಮೇಲೆ ಹೊರೆ ಹೊತ್ತು ಬದುಕುವವನೇ. ನನ್ನ ಹೊರೆ ನೀರಿನ ಕೊಡವಲ್ಲ, ಸಿನಿಮಾ ಕ್ಯಾಮೆರಾ. ಸಿನಿಮಾ ಎಂದೊಡನೆ ತಾರೆಯರನ್ನು ನೆನೆಯುವ ವಾಚಕರಿಗೆ ಮೊದಲೇ ನಿರಾಶೆ ಮಾಡಿಬಿಡುವುದು ಒಳ್ಳೆಯದು: ನಾನು ತೆಗೆಯುವುದು ಸಾಕ್ಷ್ಯಚಿತ್ರ. ತೇರು, ಸಂತೆ, ಮಗ್ಗ, ಕುಂಬಾರನ ತಿಗುರಿ, ಇವೇ ನನ್ನ ತಾರೆಯರು. ಇವು ಯಾವುವೂ ನನಗಾಗಿ ಇನ್ನೊಂದು ಸಲ ನಡೆದು ತೋರಿಸುವುದಿಲ್ಲ. ತೇರು ಒಮ್ಮೆ ತಿರುವು ದಾಟಿತೆಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಆದ್ದರಿಂದ ಮೂರು ಕಾಲಿನ ಸ್ಟ್ಯಾಂಡನ್ನು ವ್ಯಾನಿನಲ್ಲೇ ಬಿಟ್ಟು, ಕ್ಯಾಮೆರಾವನ್ನು ಹೆಗಲಿಗೇರಿಸಿ, ನಡೆಯುವವರ ಜೊತೆ ನಡೆಯುವುದು, ಓಡುವವರ ಜೊತೆ ಓಡುವುದು ನಮ್ಮ ಕಸಬಿನ ಧರ್ಮವಾಗಿದೆ.

ನಾನು ಕೆಲಸ ಕಲಿತದ್ದು ಬೀಟಾಕ್ಯಾಂ ಕಾಲದಲ್ಲಿ. ಸೋನಿಯವರು 1982ರಲ್ಲಿ ಹೊರತಂದ ಆ ಪದ್ಧತಿಯ ಕ್ಯಾಮೆರಾಗಳನ್ನು ಟೆಲಿವಿಷನ್ ಸುದ್ದಿಯವರ ಹೆಗಲ ಮೇಲೆ ವಾಚಕರು ಕಂಡಿರಬಹುದು. ಲೆನ್ಸು, ಟೇಪು, ಬ್ಯಾಟರಿ ಎಲ್ಲ ಸೇರಿ ಏಳು ಕಿಲೋ ಆಸುಪಾಸು ತೂಗುತ್ತಿತ್ತು. ಆದರೂ ಅದನ್ನು ಹೊತ್ತು ಇಡೀ ದಿನ ತಿರುಗಿದ್ದೇವೆ. ಈಗ ನನ್ನ ಬಳಿ ಇರುವ ಸಿನಿಮಾ ಕ್ಯಾಮೆರಾ, ಅದರ ಲೆನ್ಸು, ಮೇಲಿನ ಪುಟ್ಟ ಪರದೆ, ಹಿಡಿಗಳು ಎಲ್ಲ ಸೇರಿದರೂ ಮೂರೇ ಕಿಲೋ. ಚಿತ್ರದ ಗುಣದಲ್ಲಿ ಹಳೆಯದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಅರ್ಧ ಗಂಟೆ ಹಿಡಿದು ನಿಂತರೆ ಮುಂಗೈ ನಡುಗತೊಡಗುತ್ತದೆ. ಏಳು ಕಿಲೋ ಹೊತ್ತ ಕೈ ಮೂರು ಕಿಲೋಗೆ ನಡುಗುವುದೆಂದರೇನು? ವಯಸ್ಸಾಯಿತು ಎಂದು ನಮ್ಮ ಮನೆಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಕ್ಯಾಮೆರಾದ ಆಕಾರದಲ್ಲಿದೆ.

ಬೀಟಾಕ್ಯಾಮಿನಲ್ಲಿ ಲೆನ್ಸು ಹೆಗಲಿನ ಮುಂದೆ, ಟೇಪೂ ಬ್ಯಾಟರಿಯೂ ಹೆಗಲಿನ ಹಿಂದೆ. ಅದು ಹುಟ್ಟಿನಿಂದಲೇ ಅಡ್ಡೆ. ಅದಕ್ಕೂ ಹಿಂದಿನ ಕಾಲದಲ್ಲಿ ಇದನ್ನು ಚೆನ್ನಾಗಿ ಅರಿತವರೆಂದರೆ ಫ್ರಾನ್ಸಿನ ಗ್ರೆನೋಬಲ್ ನಗರದ ಝಾನ್ ಪಿಯೇರ್ ಬೋವಿಯಾಲ. ಅವರು 1970ರ ದಶಕದಲ್ಲಿ ಆಟೋನ್ ಎಂಬ ಹೆಸರಿನ 16 ಮಿಲಿಮೀಟರ್ ಫಿಲಂ ಕ್ಯಾಮೆರಾವನ್ನು ಮಾಡಿದಾಗ, ಅದು ಹೆಗಲ ಮೇಲೆ ಮಲಗಿದ ಬೆಕ್ಕಿನಂತಿರಬೇಕು ಎಂಬುದನ್ನೇ ಗುರಿಯಾಗಿಟ್ಟುಕೊಂಡಿದ್ದರು. ಬೆಕ್ಕು ಹೆಗಲ ಮೇಲೆ ಮಲಗುವಾಗ ತಲೆಯನ್ನು ಮುಂದೆ, ಬಾಲವನ್ನು ಹಿಂದೆ ಇಳಿಬಿಟ್ಟು ತಾನೇ ತೂಕ ಸರಿಮಾಡಿಕೊಳ್ಳುತ್ತದೆ. ಹಿಡಿಯಬೇಕಾದ ಅಗತ್ಯವೇ ಇಲ್ಲ. ಈಗಿನ ಸಣ್ಣ ಸಿನಿಮಾ ಕ್ಯಾಮೆರಾ ಹುಟ್ಟಿದ್ದು ಬೇರೆ ವಂಶದಲ್ಲಿ. ಅದು ಫೋಟೋ ತೆಗೆಯುವ ಕ್ಯಾಮೆರಾದ ತಮ್ಮ. ಪರದೆ ಅದರ ಬೆನ್ನಿಗೇ ಅಂಟಿಕೊಂಡಿರುವುದರಿಂದ ಅದನ್ನು ಹೆಗಲ ಮೇಲೆ ಕೂರಿಸಿದರೆ ಕಣ್ಣಿಗೆ ಕಾಣದು. ಮುಖದ ಮುಂದೆಯೇ ಹಿಡಿಯಬೇಕು. ಅಂದರೆ ಇದು ಒಂದೇ ಕೊಡದ ಅಡ್ಡೆ.

ಇನ್ನು ಅದರ ಹಸಿವಿನ ವಿಚಾರ. ಕ್ಯಾಮೆರಾದ ಹೊಟ್ಟೆಯೊಳಗೆ ಕೂರುವ ಬ್ಯಾಟರಿ ಎರಡು ಬೆಂಕಿಪೆಟ್ಟಿಗೆ ಜೋಡಿಸಿದಷ್ಟು ಗಾತ್ರದ್ದು. ಅದರಲ್ಲಿ ಅಡಗಿರುವುದು ಸುಮಾರು 14 ವ್ಯಾಟ್-ಅವರ್ ಶಕ್ತಿ. ಕ್ಯಾಮೆರಾ ಎಳೆಯುವುದು 25 ವ್ಯಾಟ್. ಭಾಗಿಸಿ ನೋಡಿದರೆ ಅರ್ಧ ಗಂಟೆಯ ಮೇಲೆ ಮೂರು ನಿಮಿಷ ಬಂದೀತು. ಬ್ಯಾಟರಿ ಬದಲಿಸಲು ತಲೆ ತಗ್ಗಿಸಿದ ಹೊತ್ತಿನಲ್ಲೇ ತೇರಿನ ಗಾಲಿ ಉರುಳತೊಡಗುತ್ತದೆ ಎಂಬುದು ನಮ್ಮವರೆಲ್ಲರ ಅನುಭವ.

ಆದ್ದರಿಂದ ಹೊರಗಿನ ಬ್ಯಾಟರಿ ಬೇಕು. ಇದು ಸಣ್ಣ ಇಟ್ಟಿಗೆಯಂಥದು. ಒಳಗೆ ಲಿಥಿಯಂ ಅಯಾನ್ ಕೋಶಗಳು. 1991ರಲ್ಲಿ ಮಾರುಕಟ್ಟೆಗೆ ಬಂದು, 2019ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟ ಬ್ಯಾಟರಿಯ ಜಾತಿಯೇ ಇದು; ನಮ್ಮೆಲ್ಲರ ಜೇಬಿನ ಮೊಬೈಲಿನಲ್ಲಿರುವುದೂ ಅದೇ. ಒಂದೊಂದು ಕೋಶದ ಒತ್ತಡ 3.6 ವೋಲ್ಟಿನಷ್ಟು; ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿ 14.4 ವೋಲ್ಟು ಮಾಡಿರುತ್ತಾರೆ. ಇಟ್ಟಿಗೆಯ ಬೆನ್ನಿನಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದ ಬೆಣೆಯೊಂದಿದೆ. ಅದೇ ಆಕಾರದ ತೋಡಿರುವ ತಟ್ಟೆಗೆ ಮೇಲಿನಿಂದ ಇಳಿಸಿದರೆ 'ಟಕ್' ಎಂದು ಕಚ್ಚಿಕೊಳ್ಳುತ್ತದೆ. ಇದಕ್ಕೆ ವಿ-ಮೌಂಟ್ ಎಂದೇ ಹೆಸರು. ನನ್ನ ಬಳಿ ಇರುವ ಇಟ್ಟಿಗೆಗಳ ಮೇಲೆ 98 ವ್ಯಾಟ್-ಅವರ್ ಎಂದು ಬರೆದಿದೆ. ನೂರು ಎಂದು ದುಂಡಗೆ ಮಾಡದೆ ಎರಡು ಕಡಿಮೆ ಮಾಡಿದ್ದೇಕೆಂದು ಕೇಳಬಹುದು. ವಿಮಾನದಲ್ಲಿ ಇಂಥ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು; 100 ದಾಟಿದರೆ ವಿಮಾನ ಕಂಪೆನಿಯ ಅಪ್ಪಣೆ ಬೇಕು, 160 ದಾಟಿದರೆ ಪ್ರಯಾಣಿಕರ ವಿಮಾನದಲ್ಲಿ ಅದಕ್ಕೆ ಸ್ಥಳವೇ ಇಲ್ಲ. 98 ಎಂಬುದು ಆ ಗಡಿಯ ಒಳಗೆ ನಿಂತು ಕೈಮುಗಿಯುವ ಸಂಖ್ಯೆ.

ಈ ಇಟ್ಟಿಗೆಯನ್ನು ಎಲ್ಲಿ ಕಟ್ಟಬೇಕು? ಕ್ಯಾಮೆರಾದ ತಲೆಯ ಮೇಲೆ ಕಟ್ಟಿದರೆ ಮುಂಭಾರ ಇನ್ನೂ ಹೆಚ್ಚುತ್ತದೆ. ಸೊಂಟಕ್ಕೆ ಕಟ್ಟಿ ತಂತಿ ಎಳೆದುಕೊಂಡರೆ ಹೆಗಲಿಗೆ ತೂಕವೇನೋ ಉಳಿಯುತ್ತದೆ. ಆದರೆ ಕೈಯ ನಡುಕ ಹಾಗೆಯೇ ಇರುತ್ತದೆ. ಮೇಲಾಗಿ ಮನುಷ್ಯನಿಗೂ ಕ್ಯಾಮೆರಾಕ್ಕೂ ನಡುವೆ ಹಗ್ಗ ಹಾಕಿದಂತೆ. ಒಂದು ಜಾತ್ರೆಯಲ್ಲಿ ದಾರಿಹೋಕರೊಬ್ಬರ ಛತ್ರಿಯ ಹಿಡಿ ಹೀಗೆ ಇಳಿಬಿದ್ದ ತಂತಿಗೆ ಸಿಕ್ಕಿಕೊಂಡಿತು. ಪಾಪ, ಅವರು ಛತ್ರಿಯನ್ನು ಬಿಡಿಸಿಕೊಂಡರು; ಕ್ಯಾಮೆರಾ ಕಣ್ಣು ಮುಚ್ಚಿತು. ಅಂದಿನಿಂದ ತಂತಿಯನ್ನು ಗಿಡ್ಡವಾಗಿ, ತಿರುಪಿನಿಂದ ಬಿಗಿಯುವ ಮೂತಿಯದಾಗಿ ಮಾಡಿಸಿದ್ದೇನೆ. ಹೊಟ್ಟೆಯೊಳಗಿನ ಚಿಕ್ಕ ಬ್ಯಾಟರಿಯನ್ನೂ ತೆಗೆಯದೆ ಅಲ್ಲೇ ಇರಗೊಡುತ್ತೇನೆ. ಹೊರಗಿನದು ಕೈಕೊಟ್ಟರೆ ಒಳಗಿನದು ಅರ್ಧ ಗಂಟೆ ಮಾನ ಕಾಯುತ್ತದೆ.

ಉಳಿದ ಜಾಗ ಒಂದೇ, ಹೆಗಲಿನ ಹಿಂದೆ. ಕ್ಯಾಮೆರಾದ ಕೆಳಗೆ ಎರಡು ಕೊಳವೆಗಳು ಉದ್ದಕ್ಕೂ ಸಾಗುತ್ತವೆ. ಒಂದೊಂದರ ದಪ್ಪ 15 ಮಿಲಿಮೀಟರ್. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 60 ಮಿಲಿಮೀಟರ್ ಅಂತರ. ಸಣ್ಣ ಕ್ಯಾಮೆರಾಗಳಿಗೆ ರೂಢಿಯಾಗಿರುವ ಅಳತೆ ಇದು. ಆದ್ದರಿಂದ ಒಬ್ಬರು ಮಾಡಿದ ಹಿಡಿಗೂ ಇನ್ನೊಬ್ಬರು ಮಾಡಿದ ತಟ್ಟೆಗೂ ಸಂಬಂಧ ಕೂಡಿಬರುತ್ತದೆ. ಕೊಳವೆಗಳ ಮುಂದೆ ಕ್ಯಾಮೆರಾ, ನಡುವೆ ಹೆಗಲ ದಿಂಬು, ಹಿಂದಿನ ತುದಿಯಲ್ಲಿ ಬ್ಯಾಟರಿಯ ತಟ್ಟೆ. ಕ್ಯಾಮೆರಾಕ್ಕೆ ಊಟ ಕೊಡುವ ವಸ್ತುವೇ ಅದರ ತೂಕಕ್ಕೆ ಎದುರುತೂಕವೂ ಆಗುತ್ತದೆ. ಎದುರುತೂಕಕ್ಕೆಂದು ಕಬ್ಬಿಣದ ತುಂಡು ಕಟ್ಟಿಕೊಳ್ಳುವವರೂ ಇದ್ದಾರೆ; ಕೆಲಸ ಮಾಡದ ತೂಕವನ್ನು ಹೊರುವುದು ನನಗೆ ಮನಸ್ಸಿಗೆ ಬರುವುದಿಲ್ಲ.

ಎಷ್ಟು ತೂಕ, ಎಷ್ಟು ದೂರ ಎಂಬುದನ್ನು ಲೆಕ್ಕ ಹಾಕಲು ನಾನು ಹೂಡಿದ ಪ್ರಯೋಗಶಾಲೆ ನಮ್ಮ ಮನೆಯ ಊಟದ ಮೇಜು. ಹಳೇ ಪೇಪರಿನವನು ಬಂದ ದಿನ ಅವನ ಸ್ಪ್ರಿಂಗ್ ತಕ್ಕಡಿಯನ್ನು ಐದು ನಿಮಿಷ ಎರವಲು ಪಡೆದು ಒಂದೊಂದೇ ಭಾಗವನ್ನು ತೂಗಿದೆ. ಕ್ಯಾಮೆರಾಕ್ಕೆ ಕಿಲೋಗೆ ಎಷ್ಟು ಕೊಡಬಹುದೆಂದು ಅವನು ಬಾಯಿಬಿಡದಿದ್ದದ್ದು ಅವನ ದೊಡ್ಡತನ. ಆಮೇಲೆ ಅಡಿಗೆಮನೆಯ ಲಟ್ಟಣಿಗೆಯನ್ನು ಮೇಜಿನ ಮೇಲೆ ಅಡ್ಡಲಾಗಿಟ್ಟು, ಅದು ಉರುಳದಂತೆ ಎರಡು ಕಡೆ ಅಕ್ಕಿಯ ಪೊಟ್ಟಣ ಒತ್ತಿ, ಅದರ ಮೇಲೆ ಕ್ಯಾಮೆರಾವನ್ನು ಹಿಂದೆ ಮುಂದೆ ಜರುಗಿಸುತ್ತ ಅದು ಎಲ್ಲಿ ಸಮವಾಗಿ ನಿಲ್ಲುತ್ತದೆಂದು ಗುರುತು ಮಾಡಿಕೊಂಡೆ.

"ರೀ, ನಿಮ್ಮ ಕ್ಯಾಮೆರಾ ಲಟ್ಟಿಸಿ ಮುಗಿದಿದ್ದರೆ ಅದನ್ನ ತೊಳೆದಿಡಿ. ರಾತ್ರಿ ಚಪಾತಿಗೆ ಬೇಕು" ಎಂದು ಒಳಗಿನಿಂದ ಮಾತು ಬಂತು. ವಿಜ್ಞಾನಕ್ಕೆ ಅಡ್ಡಿಗಳು ಹೊಸತಲ್ಲ.

ಲೆಕ್ಕ ಪಾರ್ಕಿನ ಸೀ-ಸಾ ಹಲಗೆಯದೇ. ತೂಕವನ್ನು ದೂರದಿಂದ ಗುಣಿಸಬೇಕು. ಎರಡು ಕಡೆಯ ಗುಣಲಬ್ಧ ಒಂದೇ ಆದರೆ ಹಲಗೆ ಸಮ. ನನ್ನ ಕ್ಯಾಮೆರಾದ ಕಡೆ ಮೂರು ಕಿಲೋ. ಅದರ ತೂಕದ ನಡು ಹೆಗಲಿನಿಂದ 20 ಸೆಂಟಿಮೀಟರ್ ಮುಂದೆ. ಗುಣಿಸಿದರೆ 60. ಹಿಂದೆ ಏನೂ ಇಲ್ಲದಿದ್ದರೆ ಈ ಅರವತ್ತನ್ನೂ ಕೈಯೇ ಎತ್ತಬೇಕು. ಹಿಡಿ ಇರುವುದು ಹೆಗಲಿನಿಂದ 30 ಸೆಂಟಿಮೀಟರ್ ಮುಂದೆ. ಅಂದರೆ ಎರಡು ಕಿಲೋ ಅಕ್ಕಿಯ ಚೀಲವನ್ನು ಸದಾ ಎತ್ತಿ ಹಿಡಿದುಕೊಂಡೇ ಇರಬೇಕು. ಅದೇ ಕೈಯಿಂದ ಲೆನ್ಸನ್ನೂ ನವಿರಾಗಿ ತಿರುಗಿಸಬೇಕು. ಮುಂಗೈ ನಡುಗದೆ ಇನ್ನೇನು ಮಾಡೀತು?

ಒಂದು ಬ್ಯಾಟರಿ 800 ಗ್ರಾಂ, ತಟ್ಟೆ ಮತ್ತು ಅದರ ಹಿಡಿಕೆ 400 ಗ್ರಾಂ, ಒಟ್ಟು 1.2 ಕಿಲೋ. ಇದನ್ನು 50 ಸೆಂಟಿಮೀಟರ್ ಹಿಂದಕ್ಕೆ ಚಾಚಿದರೆ ಸರಿಯಾಗಿ 60. ಎರಡು ಬ್ಯಾಟರಿಯ ತಟ್ಟೆಯಾದರೆ ಎರಡು ಕಿಲೋ. 30 ಸೆಂಟಿಮೀಟರ್ ಸಾಕು, ಆಗಲೂ 60. ಎರಡರಲ್ಲೂ ಕೈಗೆ ಬಿಡುಗಡೆ. ಕ್ಯಾಮೆರಾ ಹೆಗಲ ಮೇಲೆ ತಾನೇ ನಿಲ್ಲುತ್ತದೆ. ಬೆರಳು ಸೋಕಿಸಿದರೆ ಸಾಕು, ತಿರುಗುತ್ತದೆ. ಮೊದಲ ಸಲ ಹಾಗೆ ನಿಂತಾಗ ನನಗೆ ಬೋವಿಯಾಲರ ಬೆಕ್ಕು ನೆನಪಾಯಿತು.

ಆದರೆ ಈ ಜಗತ್ತಿನಲ್ಲಿ ಬಿಟ್ಟಿ ಸಿಗುವ ಬಿಡುಗಡೆ ಇಲ್ಲ. ಕೈ ಇಳಿಸಿದ ಭಾರ ಗಾಳಿಯಲ್ಲಿ ಕರಗುವುದಿಲ್ಲ. ಹೆಗಲು ಅದನ್ನು ಹೊರುತ್ತದೆ, ಬಡ್ಡಿ ಸಮೇತ. ದಿಂಬು ಮತ್ತು ಕೊಳವೆಗಳ 800 ಗ್ರಾಮನ್ನೂ ಕೂಡಿಸಿದರೆ ಒಂದು ಬ್ಯಾಟರಿಯ ಏರ್ಪಾಟು ಐದು ಕಿಲೋ. ಎರಡರದು ಐದು ಕಿಲೋ 800 ಗ್ರಾಂ. ಈ 800 ಗ್ರಾಮಿನ ಮೇಲೆ ನನ್ನ ಕಸಬಿನ ಭವಿಷ್ಯವೇ ನಿಂತಿತ್ತೆಂದರೆ ವಾಚಕರು ನಗಬಾರದು.

ಕೆಲವು ತಿಂಗಳುಗಳಿಂದ ನನ್ನ ಬಲಗೈ ಹೆಬ್ಬೆರಳಿಗೆ ಜೋಮು ಬರುತ್ತಿತ್ತು. ವೈದ್ಯರು ಚಿತ್ರ ತೆಗೆಸಿ ನೋಡಿ, ಕತ್ತಿನ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಬಿಲ್ಲೆ ಸವೆದಿದೆ, ಅಲ್ಲಿಂದ ಹೊರಟು ಹೆಬ್ಬೆರಳಿನತ್ತ ಹೋಗುವ ನರ ಒತ್ತಿಕೊಳ್ಳುತ್ತಿದೆ ಎಂದರು. "ಇನ್ನು ಮೇಲೆ ಹೊರುವ ಕೆಲಸ ಬೇಡ" ಎಂದರು. ಹೊರದಿದ್ದರೆ ಕೆಲಸವೇ ಇಲ್ಲವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹಾಗಾದರೆ ಐದು ಕಿಲೋ ಮೀರಬೇಡಿ. ಗಂಟೆಗೊಮ್ಮೆ ಇಳಿಸಿ" ಎಂದು ರಾಜಿಗೆ ಬಂದರು. ಒಂದು ಬ್ಯಾಟರಿ, ಉದ್ದನೆಯ ಬಾಲ: ಐದೇ ಕಿಲೋ. ದೇವರು ಲೆಕ್ಕದಲ್ಲಿ ನನ್ನ ಪರವಾಗಿದ್ದಾನೆ ಎನ್ನಿಸಿತು.

ಇದರ ಜೊತೆಗೆ ಚಾಳೀಸಿನ ತೆರಿಗೆ ಬೇರೆ. ಹತ್ತಿರದ ಅಕ್ಷರ ಕಾಣದವರು ಪತ್ರಿಕೆಯನ್ನು ಕೈಚಾಚಿ ದೂರ ಹಿಡಿಯುವುದನ್ನು ವಾಚಕರು ಮನೆಮನೆಯಲ್ಲೂ ಕಂಡಿರಬಹುದು. ಈ ಸಾಲುಗಳನ್ನೇ ಹಾಗೆ ಓದುತ್ತಿರುವವರೂ ಇರಬಹುದು. ಪರದೆ ಸ್ಪಷ್ಟವಾಗಿ ಕಾಣಬೇಕಾದರೆ ನಾನೂ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಬೇಕು. ಚಿಕ್ಕ ವಯಸ್ಸಿನ ಕಣ್ಣಿಗೆ 17 ಸೆಂಟಿಮೀಟರ್ ಸಾಕಾಗುವಲ್ಲಿ ನನಗೆ 20 ಬೇಕು. ಮೂರೇ ಸೆಂಟಿಮೀಟರ್; ಆದರೆ ಮೂರು ಕಿಲೋದಿಂದ ಗುಣಿಸಿದರೆ ಒಂಬತ್ತು, ಆ ಒಂಬತ್ತನ್ನೂ ಹಿಂದೆ ತುಂಬಿಕೊಡಬೇಕು. ಕಣ್ಣು ಮಾಡಿದ ಸಾಲವನ್ನು ಕತ್ತು ತೀರಿಸುವ ವಿಚಿತ್ರ ಸಂಸಾರ ಇದು.

ನಾನು ಇಷ್ಟೆಲ್ಲ ಸಿದ್ಧತೆ ನಡೆಸಿದ್ದು 2024ರ ಏಪ್ರಿಲ್ ತಿಂಗಳ ಬೆಂಗಳೂರು ಕರಗಕ್ಕಾಗಿ. ಚೈತ್ರದ ಹುಣ್ಣಿಮೆಯ ರಾತ್ರಿ, ನಡುರಾತ್ರಿ ಕಳೆದ ಮೇಲೆ, ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಸುತ್ತ ಬಿಚ್ಚುಗತ್ತಿಯ ವೀರಕುಮಾರರು, ಕಿವಿ ತುಂಬುವ ಗೋವಿಂದನ ಘೋಷ, ಎರಡು ಬದಿಯ ಮಹಡಿಗಳಿಂದ ಮಲ್ಲಿಗೆಯ ಮಳೆ. ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ, ಬೆಳಕು ಹರಿದ ಮೇಲೆ ಗುಡಿಗೆ ಮರಳುತ್ತದೆ. ಅದರ ಜೊತೆ ಇಡೀ ರಾತ್ರಿ ನಡೆದು ಚಿತ್ರಿಸಬೇಕೆಂಬುದು ನನ್ನ ಬಹುಕಾಲದ ಆಸೆ. ಕ್ಯಾಮೆರಾ, ಪರದೆ, ಧ್ವನಿಯ ಪೆಟ್ಟಿಗೆ ಎಲ್ಲ ಸೇರಿ 35 ವ್ಯಾಟ್. 98ರ ಬ್ಯಾಟರಿ ಒಂದಕ್ಕೆ ಎರಡೂ ಮುಕ್ಕಾಲು ಗಂಟೆ. ಶಕ್ತಿಯ ಲೆಕ್ಕ ಕಷ್ಟದ್ದಲ್ಲ. ಕಷ್ಟವಾದದ್ದು ಬಾಲದ ಲೆಕ್ಕ.

ಅಭ್ಯಾಸಕ್ಕೆಂದು ಹಿಂದಿನ ವಾರ ಒಂದು ಸಂಜೆ ಉದ್ದ ಬಾಲದ ಏರ್ಪಾಟನ್ನು ಹೊತ್ತು ಚಿಕ್ಕಪೇಟೆಯ ಜನಸಂದಣಿಯಲ್ಲಿ ನಡೆದೆ. ನನ್ನ ಜೊತೆ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಅವಳು ಹಿಂದೆ ಬಂದಳು. ತಂತಿ ಕಾಯುವುದು, ಬ್ಯಾಟರಿ ಬದಲಿಸುವುದು, ಹಿಮ್ಮುಖವಾಗಿ ನಡೆಯುವಾಗ ನನ್ನ ಬೆನ್ನು ಹಿಡಿದು ಮೆಟ್ಟಿಲಿದೆ, ಗುಂಡಿಯಿದೆ ಎಂದು ಹೇಳುವುದು ಅವಳ ಕೆಲಸ. ಅಂಗಡಿ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅವಳು ಮೂರು ಸಲ ಬಾಲವನ್ನು ಕೈಯಲ್ಲಿ ತಡೆದು ನಿಲ್ಲಿಸಿದ್ದಳು. ನಾನು ಎಡಕ್ಕೆ ತಿರುಗಿದರೆ ಲೆನ್ಸು ಎಡಕ್ಕೆ ಹೋಗುತ್ತದೆ. ಅದನ್ನು ನಾನು ನೋಡುತ್ತಿರುತ್ತೇನೆ. ಅದೇ ಕ್ಷಣದಲ್ಲಿ ಅರ್ಧ ಮೀಟರ್ ಉದ್ದದ ಬಾಲದ ತುದಿಯ ಇಟ್ಟಿಗೆ ಬಲಕ್ಕೆ ಬೀಸುತ್ತದೆ; ಅದನ್ನು ನಾನು ನೋಡುವುದಿಲ್ಲ. ತಾಯಿಯ ಸೊಂಟದ ಮೇಲೆ ಕುಳಿತ ಮಗುವಿನ ಮುಖ ನನ್ನ ಹೆಗಲಿನ ಮಟ್ಟಕ್ಕೇ ಬರುತ್ತದೆ. ಕರಗದ ರಾತ್ರಿ ಅಂಥ ಮಕ್ಕಳು ಹೆಜ್ಜೆಗೊಂದು.

ಅಲ್ಲಿಗೆ ಲೆಕ್ಕ ಬೇರೆ ರೂಪ ತಾಳಿತು. ಬಾಲ ಉದ್ದವಾದರೆ ನನ್ನ ಕತ್ತು ಉಳಿದೀತು, ಅಪಾಯ ಹಿಂದಿರುವವರ ಪಾಲಿಗೆ. ಬಾಲ ಗಿಡ್ಡವಾದರೆ ಅವರು ಕ್ಷೇಮ, 800 ಗ್ರಾಂ ನನ್ನ ನರದ ಪಾಲಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಹೇಳುವುದು ಸುಲಭ. ಹಾವು ಯಾವುದು, ಕೋಲು ಯಾವುದು ಎಂದು ತಿಳಿಯುವುದೇ ಕಷ್ಟ. ಅಲ್ಲೇ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತಾಗ ಹುಡುಗಿ ಮೆಲ್ಲಗೆ ಹೇಳಿದಳು:

"ಸರ್, ಬಾಲ ಗಿಡ್ಡ ಮಾಡೋಣ. ಎರಡು ಬ್ಯಾಟರಿ ಹಾಕೋಣ. ಅರ್ಧ ರಾತ್ರಿ ನೀವು ಹೊರಿ, ಅರ್ಧ ರಾತ್ರಿ ನಾನು ಹೊರ್ತೀನಿ."

"ನೀನು ಹೊರೋದು ಸರಿ ಕಣಮ್ಮ, ಆಗ ನಾನೇನು ಮಾಡಲಿ?"

"ನಾನು ಮಾಡೋ ಕೆಲಸ ನೀವು ಮಾಡಿ, ಸರ್. ಹಿಂದೆ ಬನ್ನಿ."

ಅವಳು ಕುಚೋದ್ಯಕ್ಕೆ ಆಡಿದ ಮಾತಲ್ಲ. ಆದರೂ ನಾನು ತಕ್ಷಣ ಉತ್ತರ ಕೊಡಲಿಲ್ಲ. ಕ್ಯಾಮೆರಾದವನಿಗೆ ಕ್ಯಾಮೆರಾ ಸಾಮಾನಲ್ಲ. ಮೂವತ್ತು ವರ್ಷಗಳಿಂದ ನಾನು ಕಂಡ ಊರು, ಕಂಡ ಮುಖ, ಎಲ್ಲವನ್ನೂ ಅದರ ಮೂಲಕವೇ ಕಂಡದ್ದು. ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಹಿಂದೆ ನಡೆಯುವುದೆಂದರೆ ಹಬ್ಬದ ದಿನ ಅಡಿಗೆಯವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಎಲೆ ಹಾಕಲು ಕಳುಹಿಸಿದಂತೆ. ಒಂದು ಕಾಫಿ ಮುಗಿಯಿತು, ಇನ್ನೊಂದು ತರಿಸಿದೆ. ಎರಡನೆಯದು ಮುಗಿಯುವ ಹೊತ್ತಿಗೆ 'ಆಗಲಿ' ಎಂದೆ.

ಮತ್ತೆ ಲಟ್ಟಣಿಗೆ ಹೊರಬಂತು. ಅವಳ ಕಣ್ಣಿಗೆ ಕ್ಯಾಮೆರಾ 17 ಸೆಂಟಿಮೀಟರ್ ಮುಂದಿದ್ದರೆ ಸಾಕು. ಮೂರು ಕಿಲೋದಿಂದ ಗುಣಿಸಿದರೆ 51; ಹಿಂದಿನ ಎರಡು ಕಿಲೋದಿಂದ ಭಾಗಿಸಿದರೆ ಇಪ್ಪತ್ತೈದೂವರೆ. ಎಂದರೆ ನನ್ನ ಹೆಗಲಿನಿಂದ ಅವಳ ಹೆಗಲಿಗೆ ಹೋಗುವಾಗ ಬ್ಯಾಟರಿಯ ತಟ್ಟೆಯನ್ನು ನಾಲ್ಕೂವರೆ ಸೆಂಟಿಮೀಟರ್ ಮುಂದಕ್ಕೆ ತರಬೇಕು. ಕತ್ತಲೆಯಲ್ಲಿ, ನೂಕುನುಗ್ಗಲಿನಲ್ಲಿ ಅಳೆಯುತ್ತ ಕೂರಲಾಗದು. ಆದ್ದರಿಂದ ಕೊಳವೆಗಳ ಮೇಲೆ ಬಣ್ಣದ ಟೇಪು ಸುತ್ತಿದೆವು: ಕೆಂಪು ಪಟ್ಟಿ ನನ್ನದು, ಬಿಳಿ ಪಟ್ಟಿ ಅವಳದು. ತಿರುಪು ಸಡಿಲಿಸು, ಪಟ್ಟಿಗೆ ಜರುಗಿಸು, ಬಿಗಿ: ಒಂದು ನಿಮಿಷದ ಕೆಲಸ. ಆ ನಿಮಿಷದಲ್ಲೂ ಕ್ಯಾಮೆರಾ ಕಣ್ಣು ಮುಚ್ಚುವುದಿಲ್ಲ. ಎರಡು ಬ್ಯಾಟರಿಯ ತಟ್ಟೆಯ ಗುಣವೇ ಅದು. ಬರಿದಾದ ಒಂದನ್ನು ಕಳಚಿದರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ.

ಕರಗದ ರಾತ್ರಿಯನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗೆ ಇಲ್ಲ; ಇದ್ದರೆ ಕ್ಯಾಮೆರಾ ಏಕೆ ಹೊರುತ್ತಿದ್ದೆ? ಒಂದು ಮಾತು ಮಾತ್ರ ಹೇಳಬೇಕು. ಮಲ್ಲಿಗೆಯಿಂದ ಮುಚ್ಚಿದ ಆ ಎತ್ತರದ ಕರಗವನ್ನು ತಲೆಯ ಮೇಲೆ ಹೊತ್ತವರು ಅದಕ್ಕೆ ಕೈ ಸೋಕಿಸುವುದಿಲ್ಲ. ನಡೆಯುತ್ತಾರೆ, ಓಡುತ್ತಾರೆ, ಕುಣಿಯುತ್ತಾರೆ. ಕರಗ ನಿಂತಲ್ಲೇ ನಿಂತಿರುತ್ತದೆ. ಪರದೆಯಲ್ಲಿ ಅವರನ್ನು ನೋಡುತ್ತ ನನ್ನ ಕೊಳವೆ, ತಿರುಪು, ಗುಣಾಕಾರಗಳ ವಿಷಯದಲ್ಲಿ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ನನ್ನ ಕ್ಯಾಮೆರಾ ಮಾತ್ರ ಆ ಹೊತ್ತಿನಲ್ಲಿ ನನಗೆ ನಾಚಿಕೆ ತರಲಿಲ್ಲ. ಕೈ ನಡುಗಲಿಲ್ಲ. ಬಾಲ ಯಾರಿಗೂ ತಗುಲಲಿಲ್ಲ.

ದರ್ಗಾದ ದಾರಿಯಲ್ಲಿ ಹೆಬ್ಬೆರಳಿಗೆ ಜೋಮು ಬಂತು. ಅಲ್ಲಿನ ದೃಶ್ಯಕ್ಕಾಗಿಯೇ ನಾನು ಇಷ್ಟು ವರ್ಷ ಕಾದದ್ದು. ಇನ್ನು ಕಾಲು ಗಂಟೆ ಹೇಗೋ ತಡೆದುಕೊಳ್ಳಬಹುದು ಎಂದು ಮನಸ್ಸು ಹೇಳಿತು, ಹೆಬ್ಬೆರಳು ಹೇಳಲಿಲ್ಲ. ಒಂದು ಅಂಗಡಿಯ ಜಗಲಿಯ ಪಕ್ಕಕ್ಕೆ ಸರಿದು ಕ್ಯಾಮೆರಾ ಇಳಿಸಿದೆ. ಅವಳು ಏನೂ ಕೇಳದೆ ತಿರುಪು ಸಡಿಲಿಸಿ ಕೆಂಪಿನಿಂದ ಬಿಳಿಗೆ ತಂದು, ದಿಂಬನ್ನು ಹೆಗಲಿಗೆ ಹೊಂದಿಸಿಕೊಂಡು ಮುಂದೆ ನಡೆದಳು. ನಾನು ಹಿಂದೆ ನಿಂತು ಬ್ಯಾಟರಿಯ ಮೇಲೆ ಕೈ ಇಟ್ಟೆ.

ಅಲ್ಲಿಂದ ಬೆಳಗಿನವರೆಗೆ ನಾನು ಬಾಲದ ಕಾವಲುಗಾರ. "ಎಡಕ್ಕೆ ಮೆಟ್ಟಿಲು... ಹಿಂದೆ ಮಗು ಇದೆ, ತಿರುಗಬೇಡ... ಈಗ ತಿರುಗು." ಬ್ಯಾಟರಿಯ ಪಕ್ಕದಲ್ಲಿ ನಾಲ್ಕು ಪುಟ್ಟ ಹಸಿರು ದೀಪಗಳು. ನಾಲ್ಕು ಮೂರಾಗುವುದನ್ನು, ಮೂರು ಎರಡಾಗುವುದನ್ನು ಕಾಯುತ್ತ, ಬರಿದಾದದ್ದನ್ನು ಕಳಚಿ ತುಂಬಿದ್ದನ್ನು ಕೂರಿಸುತ್ತ ಬಂದೆ. ತಂದೆಯ ತೋಳಿನ ಮೇಲಿದ್ದ ಒಂದು ಮಗು ಕರಗವನ್ನು ಬಿಟ್ಟು ಆ ಹಸಿರು ದೀಪಗಳನ್ನೇ ನೋಡುತ್ತ, ಕೈ ಚಾಚಿ, ಮುಟ್ಟಿ, ಹೆದರಿ ಕೈ ಹಿಂತೆಗೆದುಕೊಂಡಿತು. ಅದರ ಮುಖಕ್ಕೂ ಇಟ್ಟಿಗೆಗೂ ನಡುವೆ ನನ್ನ ಅಂಗೈ ಇತ್ತು. ಬಾಲ ಇನ್ನೂ 20 ಸೆಂಟಿಮೀಟರ್ ಉದ್ದವಿದ್ದಿದ್ದರೆ ಅಷ್ಟು ಜಾಗ ಅಲ್ಲಿರುತ್ತಿರಲಿಲ್ಲ.

ಚಿತ್ರವನ್ನು ಜೋಡಿಸುವಾಗ ದರ್ಗಾದ ಭಾಗವನ್ನು ಹಲವು ಸಲ ನೋಡಿದೆ. ಅವಳು ನನಗಿಂತ ಅರ್ಧ ಅಡಿ ಗಿಡ್ಡ. ಆದ್ದರಿಂದ ಅವಳ ಕ್ಯಾಮೆರಾದಲ್ಲಿ ಕರಗ ಇನ್ನೂ ಎತ್ತರವಾಗಿ, ಜನರ ಮುಖಗಳು ಇನ್ನೂ ಹತ್ತಿರವಾಗಿ ಕಾಣುತ್ತವೆ. ನಾನಾಗಿದ್ದರೆ ಬೇರೆ ಕಡೆ ನಿಲ್ಲುತ್ತಿದ್ದೆ. ಅವಳು ನಿಂತ ಜಾಗವೂ ಚೆನ್ನಾಗಿದೆ. ಚಿತ್ರ ನೋಡಿದ ಮಿತ್ರರಲ್ಲಿ ಯಾರೊಬ್ಬರೂ ಹೆಗಲು ಬದಲಾದದ್ದನ್ನು ಗುರುತಿಸಲಿಲ್ಲ. ಇದು ನನಗೆ ಸಮಾಧಾನ ಕೊಟ್ಟಿತೋ ಕಸಿವಿಸಿ ಕೊಟ್ಟಿತೋ ಎಂಬುದನ್ನು ಇನ್ನೂ ತೂಗಿ ನೋಡಿಲ್ಲ.

ಆ ಏರ್ಪಾಟನ್ನು ಈಗಲೂ ಹಾಗೆಯೇ ಇಟ್ಟುಕೊಂಡಿದ್ದೇವೆ. ವೈದ್ಯರ ಅಪ್ಪಣೆಯಂತೆ ನಾನು ಗಂಟೆಗೊಮ್ಮೆ ಇಳಿಸುತ್ತೇನೆ. ಇಳಿಸಿದ್ದನ್ನು ಅವಳು ಎತ್ತಿಕೊಳ್ಳುತ್ತಾಳೆ. ಮೊನ್ನೆ ಕೊಳವೆಗಳನ್ನು ಒರೆಸುತ್ತಿದ್ದಾಗ ನೋಡಿದೆ. ತಟ್ಟೆಯ ತಿರುಪು ಕಚ್ಚಿ ಕಚ್ಚಿ ಕೊಳವೆಯ ಕಪ್ಪು ಬಣ್ಣ ಎರಡು ಕಡೆ ಸವೆದಿದೆ. ಕೆಂಪು ಪಟ್ಟಿಯ ಹತ್ತಿರ ಸ್ವಲ್ಪ. ಬಿಳಿ ಪಟ್ಟಿಯ ಹತ್ತಿರ ಅದಕ್ಕಿಂತ ಹೆಚ್ಚು.